ವಾಟಣಿ ವಕೀಲರು

ಕಮಡೊಳ್ಳಿ ವಕೀಲರ ಪ್ರಕಾರ ಜಗತ್ತಿನಲ್ಲಿ ಇದ್ದದ್ದು ಎರಡೇ ಬಗೆಯ ಜನ: ವಾಟಣಿ ಆದವರು, ಇನ್ನೂ ಆಗಬೇಕಾದವರು. ಮನೆ, ಹೊಲ ಪಾಲಾಗುವುದಕ್ಕೆ ಅವರ ಬೆಳಗಾವಿ ಕಡೆ ವಾಟಣಿ ಅನ್ನುತ್ತಾರೆ. ಅಲ್ಲಿನ ಕೋರ್ಟಿನಲ್ಲಿ ಜೀವಮಾನವಿಡೀ ಅಣ್ಣತಮ್ಮಂದಿರನ್ನು ಬೇರೆ ಮಾಡಿ, ನಿವೃತ್ತರಾದ ಮೇಲೆ ಹೆಂಡತಿಯೊಂದಿಗೆ ಕೆನಡಾದ ಥಾರ್ನ್‌ಕ್ಲಿಫ್ ಪಾರ್ಕಿನ ಮಗನ ಮನೆಗೆ ಬಂದಿದ್ದರು. ನಮ್ಮದೇ ಬಿಲ್ಡಿಂಗು, ನಮಗಿಂತ ಎರಡು ಮಹಡಿ ಮೇಲೆ. ಇಲ್ಲಿ ವಕೀಲಿ ಮಾಡಲು ಲೈಸೆನ್ಸಿಲ್ಲ. ಹಾಗಂತ ಬಾಯಿ ಸುಮ್ಮನಿರಬೇಕಲ್ಲ? ಬೇಸ್‌ಮೆಂಟಿನ ಲಾಂಡ್ರಿ ರೂಮೇ ಅವರ ಕೋರ್ಟಾಯಿತು. ಬಟ್ಟೆ ಒಣಗುವವರೆಗೆ ಎಲ್ಲಿಗೂ ಹೋಗಲಾರದ ನಾವೇ ಅವರ ಕಕ್ಷಿದಾರರು.

ಬ್ರಿಟನ್ನು ಯುರೋಪಿಯನ್ ಯೂನಿಯನ್ ಬಿಡುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಅವರಿಗೆ ಕೈತುಂಬ ಕೆಲಸ. "ಮೈಸೂರವರ, ಈ ತುದಿ ಹಿಡೀರಿ" ಎಂದು ಮೈಸೂರು ಕಡೆಯ ನನ್ನ ಕೈಗೆ ಬೆಡ್‌ಶೀಟಿನ ಒಂದು ಕೊನೆ ಕೊಟ್ಟು, ಮಡಚುತ್ತಲೇ ವಾದ ಶುರು ಮಾಡುತ್ತಿದ್ದರು.

"ಯೂನಿಯನ್ ಅಂದ್ರ ಏನ್ರಿ? ಒಟ್ಟು ಕುಟುಂಬ. ಒಬ್ಬ ತಮ್ಮ ಬ್ಯಾರೆ ಆಗ್ತೀನಿ ಅಂತಾನ. ಆಗಲಿ, ಬ್ಯಾಡ ಅನ್ನಾಕ ನಾವ್ಯಾರು? ಆದ್ರ ನೋಟೀಸ್ ಕೊಡಬೇಕು. ಯಾರು ಕೊಡಬೇಕು? ಮಂತ್ರಿ ಒಬ್ಬನ ಸಹಿ ಸಾಕೋ, ಪಾರ್ಲಿಮೆಂಟ್ ಒಪ್ಪಬೇಕೋ?"

ಪಾರ್ಲಿಮೆಂಟ್ ಒಪ್ಪಲೇಬೇಕು ಎಂದು ಅಲ್ಲಿನ ಕೋರ್ಟು ಹೇಳಿದ ದಿನ ಫ್ಲಾಸ್ಕಿನಲ್ಲಿ ಚಹಾ ತಂದು ಲಾಂಡ್ರಿ ರೂಮಿನವರಿಗೆಲ್ಲ ಹಂಚಿದರು, ತಾವೇ ಕೇಸು ಗೆದ್ದವರ ಹಾಗೆ. "ಲಂಡನ್ನಿಂದ ಫೀಸು ಬಂತಾ ವಕೀಲ್ರೇ?" ಎಂದು ನಾನು ಕಾಲೆಳೆದೆ. ಅವರು ನಗಲಿಲ್ಲ.

"ನಗಬ್ಯಾಡ್ರಿ. ನಡುವ ಗೋಡಿ ಕಟ್ಟೂದು ಸುಲಭ. ಗೋಡಿ ಕಟ್ಟೋ ದಿನ ಆಚೀ ಖೋಲ್ಯಾಗ ಕುಂತಾಕಿ ಗತಿ ಏನು? ಅದನ್ನ ಕೇಳ್ರಿ."

ಹಾಗೆ ಕುಂತಾಕಿ ಅವರದೇ ಮಗಳು ಸುಧಾ ಎಂಬುದು ನನಗೆ ಆಮೇಲೆ ತಿಳಿಯಿತು. ವಕೀಲರ ಹೆಂಡತಿ ಶಾಂತಾ ಆಂಟಿ ಹುಟ್ಟಿದ್ದು ಗೋವಾದಲ್ಲಿ, ಅದಿನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ. ಆ ತಾಯಿಯ ಹುಟ್ಟಿನ ಬಲದಿಂದ ಸುಧಾ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದು, ಭಾರತದ್ದನ್ನು ಬಿಟ್ಟುಕೊಟ್ಟು, ಯೂನಿಯನ್ನಿನ ಪ್ರಜೆಯಾಗಿ ಇಂಗ್ಲೆಂಡಿಗೆ ಹೋಗಿದ್ದಳು. ಲೆಸ್ಟರಿನ ಶಾಲೆಯೊಂದರಲ್ಲಿ (ವಕೀಲರ ಬಾಯಲ್ಲಿ ಅದು 'ಸಾಲಿ') ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆ ಮಕ್ಕಳ ವಿಷಯ ಬಂದರೆ ಅವಳ ಬಾಯಿಗಿಂತ ಮೊದಲು ಕೈಗಳು ಮಾತಾಡುತ್ತಿದ್ದವು.

ಬ್ರಿಟನ್ನು ಹೊರಬಿದ್ದ ಚಳಿಗಾಲದಲ್ಲೇ ಶಾಂತಾ ಆಂಟಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಸುಧಾ ಓಡಿ ಬಂದಳು. ಹಿಂದೆಯೇ ಕೊರೋನಾ ಬಂತು, ವಿಮಾನಗಳು ನಿಂತವು. ಮತ್ತೆ ಹಾರತೊಡಗಿದ ಮೇಲೆ ಅವಳಿಗೆ ದಿಗಿಲು ಹತ್ತಿತು. ನಾನು ಆಂಟಿಗೆ ಸಾರು ಕೊಡಲು ಹೋದಾಗ ಅಪ್ಪನೊಡನೆ ಆ ಮಾತೇ ನಡೆದಿತ್ತು.

"ಅಪ್ಪಾ, ಇಂಗ್ಲೆಂಡಿನ್ಯಾಗ ಇರೋ ಯುರೋಪಿನವರೆಲ್ಲ ಅಲ್ಲೇ ಉಳಿಯೋ ಹಕ್ಕಿಗೆ ಅಪ್ಲೈ ಮಾಡ್ಲಿಕತ್ತಾರ. ನಾ ಒಮ್ಮೆ ಹೋಗಿ ಬರ್ಲೇನು?"

"ಪಾಲುದಾರ ಊರಾಗ ಇಲ್ಲಂತ ಪಾಲು ಹೋಗಂಗಿಲ್ಲ ಯವ್ವಾ. ಮುಂಬೈಕ ಓಡಿಹೋಗಿ ಮನೀ ಮುಖಾನೇ ನೋಡದವಂಗೂ ನಾ ಪಾಲು ಕೊಡಿಸೀನಿ. ನಿಂದು ಅಲ್ಲೇ ಇರ್ತದ. ನೀ ಅವ್ವನ ಹತ್ರ ಕುಂಡ್ರು."

ಅವಳು ಕೂತಳು. ಆಂಟಿ ಹೋಗುವ ಹೊತ್ತಿಗೆ ಸುಧಾ ಇಂಗ್ಲೆಂಡ್ ಬಿಟ್ಟು ವರ್ಷ ದಾಟಿತ್ತು. ಕರ್ಮಾಂತರ ಮುಗಿಸಿ ಅರ್ಜಿ ಹಾಕಿದಳು. ಇಷ್ಟು ಕಾಲ ಹೊರಗಿದ್ದುದರಿಂದ ವಾಸ ಕಡಿದುಹೋಗಿದೆ, ಹಳೆಯ ಹಕ್ಕು ಇಲ್ಲ ಎಂದು ಉತ್ತರ ಬಂತು. ಬ್ರಿಟನ್ನು ಯೂನಿಯನ್ ಬಿಟ್ಟ ಒಪ್ಪಂದವನ್ನು ವಕೀಲರು ಮೊದಲೂ ಓದಿದ್ದರು. ಆದರೆ ವಾಟಣಿ ಪತ್ರವೆಂದು ಓದಿದ್ದರು. ಒಟ್ಟು ಕುಟುಂಬದಲ್ಲಿ ಹುಟ್ಟಿದರೆ ಸಾಕು, ಪಾಲು ಇದ್ದೇ ಇರುತ್ತದೆ. ಅಲ್ಲಿ ಹಾಗಲ್ಲ, ಮನೆಯೊಳಗೆ ಇದ್ದವರಿಗಷ್ಟೇ ಹಕ್ಕು.

ಒಂದು ದಿನ ನನ್ನೆದುರಿಗೇ ಇಂಗ್ಲೆಂಡಿನ ವಕೀಲೆಯೊಬ್ಬರಿಗೆ ಫೋನು ಮಾಡಿದರು. ತಾಯಿಯ ಕಾಯಿಲೆ, ನಿಂತ ವಿಮಾನ, ಎಲ್ಲವನ್ನೂ ತಮ್ಮ ಕೋರ್ಟಿನ ಇಂಗ್ಲಿಷಿನಲ್ಲಿ ಸಾದರಪಡಿಸಿದರು. ಆಕೆ ಮರ್ಯಾದೆಯಿಂದಲೇ ಕೇಳಿಸಿಕೊಂಡು, ದಾರಿ ಕಾಣುತ್ತಿಲ್ಲ ಅಂದರು. ಆಮೇಲೆ, "ಸರ್, ವರ್ಷ ದಾಟಿದರೂ ಪರವಾಗಿಲ್ಲ ಅಂತ ಇವರಿಗೆ ಸಲಹೆ ಕೊಟ್ಟವರು ಯಾರು?" ಎಂದು ಕೇಳಿದರು.

ಸುಧಾ ಅಪ್ಪನ ಕೈಯಿಂದ ಫೋನು ತೆಗೆದುಕೊಂಡು, "ಯಾರೂ ಇಲ್ಲ ಮೇಡಂ, ನಾನೇ ತಪ್ಪು ತಿಳಿದಿದ್ದೆ" ಅಂದಳು.

ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಬರಬೇಕೆಂದು ಗೊತ್ತಾಗದೆ ಬಂದ ಸಿಟ್ಟು ಅದು. ಅವ್ವನ ಪಕ್ಕ ಕೂತದ್ದು ತಪ್ಪೇ? ಕೂರು ಅಂದದ್ದು ತಪ್ಪೇ?

ಕೆನಡಾದಲ್ಲಿ ಸುಧಾ ಬರೀ ವಿಸಿಟರು. ತನ್ನದೆಂದು ಉಳಿದದ್ದು ಪಾಸ್‌ಪೋರ್ಟಿನ ದೇಶವೊಂದೇ. ಆ ಭಾಷೆಯ ಒಂದು ಮಾತೂ ಬಾರದ ಪೋರ್ಚುಗೀಸಳು ಲಿಸ್ಬನ್ನಿಗೆ ಹೋಗಿ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದಳು. ಹೊರಡುವಾಗ, "ಅಪ್ಪಾ, ಇಡೀ ಯುರೋಪಿನ್ಯಾಗ ಎಲ್ಲಿ ಬೇಕಾದ್ರೂ ಇರ್ಬೋದು ನಾನು, ಅದೊಂದು ಬಿಟ್ಟು" ಎಂದು ನಕ್ಕಳಂತೆ. ಸಮಾಧಾನ ಮಾಡಲು ಹೇಳಿದ್ದಿರಬೇಕು.

ಆಮೇಲೂ ವಕೀಲರು ಲಾಂಡ್ರಿ ರೂಮಿಗೆ ಬರುತ್ತಿದ್ದರು, ಬೆಡ್‌ಶೀಟನ್ನು ಒಬ್ಬರೇ ಮಡಚುತ್ತಿದ್ದರು. ಮೇಲಿನ ಮಹಡಿಯ ಅಣ್ಣತಮ್ಮಂದಿರು ಪಾರ್ಕಿಂಗ್ ಜಾಗಕ್ಕೆ ಕಿತ್ತಾಡಿದ್ದನ್ನು ನಾನು ಬೇಕೆಂದೇ ಉಪ್ಪುಖಾರ ಹಚ್ಚಿ ಹೇಳಿದೆ. ವಾಟಣಿ ಎಂಬ ಶಬ್ದವೊಂದು ಹೊರಬಿದ್ದರೆ ಸಾಕಿತ್ತು ನನಗೆ. "ನನಗೇನು ತಿಳೀತದ್ರಿ" ಎಂದು ಮಷಿನ್ನಿನ ಬಾಗಿಲು ಹಾಕಿದರು.

ಕಳೆದ ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ಹೋದರು. ಅದಕ್ಕೆ ಕೆಲವು ದಿನ ಮೊದಲು, ನಾನು ಬರ್ಲಿಂಗ್ಟನ್ನಿನ ಆಫೀಸಿಗೆ ರಜೆ ಹಾಕಿದ್ದ ಒಂದು ಮಂಗಳವಾರ, ಕೆಳಗೆ ಸಿಕ್ಕಿದ್ದರು. ಮೊದಲಿನಂತೆ ಬೆಡ್‌ಶೀಟಿನ ತುದಿ ಕೊಟ್ಟರು.

"ಮೈಸೂರವರ, ಲಿಸ್ಬನ್ನಿನ್ಯಾಗ ಈಗ ಎಷ್ಟು ಗಂಟಿ?"

ಫೋನು ನೋಡಿ, "ಮೂರೂವರೆ" ಅಂದೆ.

"ಲೆಸ್ಟರಿನ್ಯಾಗ?"

ಅದನ್ನೂ ನೋಡಿದೆ. "ಅಲ್ಲೂ ಮೂರೂವರೆನೇ ವಕೀಲ್ರೇ. ಎರಡೂ ಕಡೆ ಒಂದೇ ಟೈಮು."

ಮಡಚುವುದನ್ನು ನಿಲ್ಲಿಸಿದರು.

"ಹಂಗಾದ್ರ ಅಕಿ ಸಾಲಿ ಬಿಡೋ ಹೊತ್ತು" ಅಂದರು.