ಡೈರಿ ಕಟ್ಟೆಯ ಮೇಲಿನ ಓದು

ಹಸು ಟಾರು ರಸ್ತೆಯ ಮೇಲೇ ಮಲಗಿಬಿಟ್ಟಿತು. ಎಳೆದರೂ ಏಳಲಿಲ್ಲ. ಅಜ್ಜಿ ಹಗ್ಗ ಬಿಟ್ಟು ಅದರ ತಲೆಯ ಹತ್ತಿರ ಕೂತಳು. ನಾನು ಟಿವಿಎಸ್ ನಿಲ್ಲಿಸಿ, ಬಾಟಲಿಯಲ್ಲಿದ್ದ ನೀರನ್ನೆಲ್ಲ ಅದರ ಬಾಯಿಗೆ ಸುರಿದೆ. ಅರ್ಧ ನೆಲಕ್ಕೆ ಹೋಯಿತು. ಹನ್ನೊಂದು ಗಂಟೆಯ ಬಿಸಿಲು. ರಸ್ತೆಯ ಎರಡೂ ಕಡೆ ಸೋಲಾರ್ ಪ್ಯಾನೆಲ್ಲು, ತಂತಿ ಬೇಲಿ. ವಳ್ಳೂರಿನ ಕಡೆ ಅಷ್ಟು ದೂರಕ್ಕೂ ನೆರಳು ಇರುವುದು ಪ್ಯಾನೆಲ್ಲಿನ ಅಡಿಯಲ್ಲಿ ಮಾತ್ರ. ಅದು ಬೇಲಿಯ ಆಚೆ.

"ಎಂಟು ತಿಂಗ್ಳ ಗಬ್ಬ ಕಣ್ಲಾ ಇದು," ಅಂದಳು ಅಜ್ಜಿ. "ಮೂರು ಮೈಲಿ ಹೊಡ್ಕಂಡ್ ಬಂದಿವ್ನಿ. ಆ ಡಾಕ್ಟ್ರು ನೋಡಿದ್ರೆ ಸೂಜಿ ಹಾಕಾಕಿಲ್ಲ ಅಂತ ವಾಪಸ್ ಕಳಿಸ್ಬುಟ್ಟ. ಒಂದಿನ ಬಾ ಅಂತಾರೆ, ಒಂದಿನ ಹೋಗು ಅಂತಾರೆ."

ಡಾಕ್ಟರು ಎರಡು ಮಾತು ಆಡಿರಲಿಲ್ಲ. ಕಾಲುಬಾಯಿ ರೋಗದ ಲಸಿಕೆಯ ನೋಟೀಸಿನಲ್ಲಿ ಏನಿತ್ತೋ ಅದನ್ನೇ ಹೇಳಿದ್ದರು. ಆ ನೋಟೀಸನ್ನು ಎರಡು ದಿನದ ಹಿಂದೆ ನಮ್ಮೂರಿನ ಹಾಲಿನ ಡೈರಿಯಲ್ಲಿ ಎಲ್ಲರ ಮುಂದೆ ಓದಿದವನು ನಾನು. ಪಕ್ಕದ ಊರಿನಲ್ಲಿ ಲಸಿಕೆ ಹಾಕುವ ಜಾಗದಲ್ಲಿ ಡೈರಿಯ ಪರವಾಗಿ ರಾಸುಗಳ ಕಿವಿಯ ಓಲೆ ನಂಬರು ಬರೆದುಕೊಳ್ಳುತ್ತ ನಾನೂ ನಿಂತಿದ್ದೆ. "ನೋಟೀಸಲ್ಲೇ ಬರೆದಿದ್ದೀವಲ್ಲಮ್ಮ, ತುಂಬು ಗಬ್ಬದ್ದು ತರಬೇಡಿ ಅಂತ," ಎಂದು ಡಾಕ್ಟರು ಅಜ್ಜಿಗೆ ಹೇಳಿದಾಗ ನನ್ನ ಪೆನ್ನು ನಿಂತುಹೋಯಿತು. ತಪ್ಪು ಓದಿದ್ದೇನೆ ಅಂತ ನನಗೆ ಆಗಲೇ ಗೊತ್ತಾಯಿತು. ಅಜ್ಜಿಗೆ ಗೊತ್ತಾಗಲಿಲ್ಲ. ಅವಳು ಹಸುವನ್ನು ತಿರುಗಿಸಿಕೊಂಡು ಹೊರಟಳು. ಸ್ವಲ್ಪ ಹೊತ್ತು ಬಿಟ್ಟು ನಾನು ಹಿಂದೆ ಬಂದೆ.

ನನ್ನ ಓದಿನ ಬಗ್ಗೆ ಇಲ್ಲಿ ಹೇಳಬೇಕು. ಉದ್ದ ಮಾಡುವುದಿಲ್ಲ.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನನಗೇ ಬೇಡವಾಯಿತು. ಕುರಿ ಮೇಯಿಸಿದೆ. ಆಮೇಲೆ ನಾಲ್ಕು ವರ್ಷ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ಲು ತೊಳೆದೆ. ಆ ಕೆಲಸದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ, "ಅಪಾಯ" ಅನ್ನುವ ಬೋರ್ಡು ಬಿಟ್ಟರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಹೊರಗಿನಿಂದ ಕಟ್ಟಿ ಪಾಸಾದೆ. ಪಾಸಾದೆ ಅಂದರೆ ಗೈಡಿನ ಉತ್ತರಗಳನ್ನು ಪುಟಗಟ್ಟಲೆ ಬಾಯಿಪಾಠ ಮಾಡಿದೆ. ಅದರ ಅರ್ಥ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಹೀಗೆ ಇಪ್ಪತ್ತೆರಡನೆಯ ವಯಸ್ಸಿಗೆ ಪಾವಗಡದಲ್ಲಿ ಬಿ.ಎ. ಸೇರಿದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ ಬೆರಕೆ. ಪುಸ್ತಕದ ಕನ್ನಡ ನನಗೆ ಮೂರನೆಯ ಭಾಷೆ ಇದ್ದ ಹಾಗೆ.

ಕಾಲೇಜಿನಲ್ಲಿ ಕನ್ನಡ ಮೇಡಂ ಒಬ್ಬರಿದ್ದಾರೆ. ಕೊರಟಗೆರೆಯ ಕಡೆಯವರು, ಸಿದ್ದರಬೆಟ್ಟದ ಬುಡದ ಊರು. ಮಧುಗಿರಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುತ್ತಾರೆ. ದಿನಕ್ಕೆ ಹತ್ತು ಹೊಸ ಪದ ಬರೆದುಕೊಳ್ಳಿ, ಪದ ಬೆಳೆದರೆ ಓದು ಬೆಳೆಯುತ್ತದೆ ಅಂದರು. ನಾನೂ ಒಂದು ನೋಟ್‌ಬುಕ್ ಮಾಡಿದೆ. ವಿಹಂಗಮ, ಅನನ್ಯ, ಪರಾಕಾಷ್ಠೆ, ನಿರ್ಲಿಪ್ತ. ಬರೆದೆ, ಅರ್ಥವನ್ನೂ ಬರೆದೆ. ಯಾರ ಹತ್ತಿರ ಆಡುವುದು ಇವನ್ನು? ನಮ್ಮಪ್ಪನ ಹತ್ತಿರ ನಿರ್ಲಿಪ್ತ ಅಂದರೆ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡುತ್ತಾನೆ.

ನಿಜವಾದ ಓದು ಶುರುವಾಗಿದ್ದು ಡೈರಿಯಲ್ಲಿ. ನಮ್ಮೂರಿನ ಡೈರಿಗೆ ಬೆಳಗ್ಗೆ ಮೊದಲನೇ ಬಸ್ಸಿನಲ್ಲಿ ಒಂದೇ ಒಂದು ಪೇಪರು ಬರುತ್ತದೆ. ಹಾಲು ತಂದವರು ಕ್ಯಾನು, ಚೊಂಬು ಸಾಲಾಗಿ ಇಟ್ಟು ಕಟ್ಟೆಯ ಮೇಲೆ ಕೂರುತ್ತಾರೆ. ಅಳೆದು, ಫ್ಯಾಟ್ ನೋಡುವ ತನಕ ಒಬ್ಬರು ಪೇಪರನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಇದು ಡೈರಿ ಆದಾಗಿನಿಂದ ನಡೆದುಬಂದಿದೆ. ಮೊದಲು ಸೆಕ್ರೆಟರಿಯೇ ಓದುತ್ತಿದ್ದರು. ಹೊಸ ಮಿಷನ್ ಬಂದ ಮೇಲೆ ಅವರಿಗೆ ಪುರಸೊತ್ತು ಸಿಗಲಿಲ್ಲ. ನಾನು ಕಾಲೇಜು ಸೇರಿದ ವಾರವೇ ಪೇಪರು ತಂದು ನನ್ನ ಕೈಗೆ ಕೊಟ್ಟರು.

"ಓದ್ಲಾ. ಹಾಲಿಗೂ ಡಿಗ್ರಿ ನೋಡ್ತೀವಿ, ನಿಂದೂ ನೋಡಾನ."

ಎಲ್ಲರೂ ನಕ್ಕರು. ನಾನು ಓದಿದೆ. ಗೊತ್ತಿಲ್ಲದ ಪದ ಬಂದರೆ ನಿಲ್ಲುತ್ತಿರಲಿಲ್ಲ. ಒಂದೋ ನುಂಗಿಬಿಡುತ್ತಿದ್ದೆ, ಇಲ್ಲ ಗೊತ್ತಿರುವ ಇನ್ನೊಂದು ಪದ ಹಾಕಿ ಓಡಿಸಿಬಿಡುತ್ತಿದ್ದೆ. ಕೇಳುವವರಿಗೆ ಗೊತ್ತಾಗುತ್ತಿರಲಿಲ್ಲ. ಸರಾಗವಾಗಿ ಓದುತ್ತಾನೆ ಅಂತ ಹೆಸರು ಬಂತು. ಮನೆಯಲ್ಲಿ ಅಮ್ಮ ಬೀಗಿದಳು. ನಾನೂ ಬೀಗಿದೆ.

ಈ ಅಜ್ಜಿ ಒಬ್ಬಳೇ ತಡೆಯುತ್ತಿದ್ದವಳು. ನಮ್ಮ ಬೀದಿಯ ಕೊನೆಯ ಮನೆ ಅವಳದು. ತವರು ಸಿರಾ ಕಡೆ. ನಮಗೆ ನೆಂಟಳಲ್ಲ, ಆದರೆ ಊರಿಗೆಲ್ಲ ಅಜ್ಜಿ. ಒಂದಕ್ಷರ ಬಾರದು. ಹಾಕುವುದಕ್ಕೆ ಹಾಲಿಲ್ಲದಿದ್ದರೂ ಓದು ಕೇಳುವುದಕ್ಕೇ ದಿನಾ ಬರುತ್ತಿದ್ದಳು. ಓದುವ ಮಧ್ಯೆ ಕೈ ಎತ್ತಿ, "ನಿಲ್ಲು ನಾಯ್ನಾ, ಅಂಗಂದ್ರೇನು?" ಅನ್ನುತ್ತಿದ್ದಳು. ನಾನು ಬಾಯಿಗೆ ಬಂದಿದ್ದನ್ನು ಹೇಳುತ್ತಿದ್ದೆ. ತಲೆ ಆಡಿಸುತ್ತಿದ್ದಳು.

ಲಸಿಕೆಯ ನೋಟೀಸನ್ನು ಡೈರಿ ಗೋಡೆಗೆ ಅಂಟಿಸಿದ ದಿನವೂ ಅಷ್ಟೇ. ಪೇಪರು ಮುಗಿಸಿ ಅದನ್ನೂ ಓದಿದೆ. ಮಧ್ಯದಲ್ಲಿ ಒಂದು ಉದ್ದನೆಯ ಪದ ಬಂತು. ನುಂಗಿದೆ. ಅಜ್ಜಿ ಕೈ ಎತ್ತಿದಳು.

"ಗಬ್ಬದ್ದನ್ನೂ ಹೊಡ್ಕಂಡ್ ಹೋಗ್ಬೇಕಾ?"

"ತುಂಬು ಗರ್ಭದ ಹಸುಗಳು, ಉಳಿದ ಎಲ್ಲ ರಾಸುಗಳು ಅಂತ ಐತಲ್ಲಜ್ಜಿ. ಎಲ್ಲಾ ಅಂದ್ಮೇಲೆ ಎಲ್ಲಾನೂವೆ."

"ಸರ್ಯಾಗ್ ನೋಡ್ಲಾ."

"ನಾನೇನ್ ಕುರುಡನಾ?" ಅಂದೆ. ಜನ ನಕ್ಕರು. ಅಜ್ಜಿ ಎತ್ತಿದ ಕೈ ಇಳಿಸಿದಳು.

ಈಗ ಆ ಹಸು ರಸ್ತೆಯ ಮೇಲೆ ಮಲಗಿತ್ತು. ಅವಳಿಗಿದ್ದದ್ದು ಅದೊಂದೇ. ಕಡಸಿನಿಂದ ಸಾಕಿದ್ದು, ಚೊಚ್ಚಲ ಗಬ್ಬ. ಅದರ ಹೊಟ್ಟೆ ಒಂದೇ ಸಮನೆ ಏರಿಳಿಯುತ್ತಿತ್ತು. ಡಾಕ್ಟರನ್ನು ಕರೆದುಕೊಂಡು ಬರ್ತೀನಿ ಅಂತ ಟಿವಿಎಸ್ ತಿರುಗಿಸಿದೆ.

ಡಾಕ್ಟರು ಲಸಿಕೆ ಮುಗಿಸಿ ಐಸಿನ ಡಬ್ಬಿ ಕಟ್ಟುತ್ತಿದ್ದರು. ವಿಷಯ ಹೇಳಿದೆ. ಬರ್ತೀನಿ, ನಿಂತಿರು ಅಂದರು. ಅವರ ಹಿಂದಿನ ಗೋಡೆಗೆ ಅದೇ ನೋಟೀಸು ಅಂಟಿತ್ತು. ಹತ್ತಿರ ಹೋಗಿ ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದಿದೆ. ನುಂಗಿದ್ದ ಪದ ಅಲ್ಲೇ ಇತ್ತು.

"ಸಾರ್, ಹೊರತುಪಡಿಸಿ ಅಂದ್ರೆ?"

"ಬಿಟ್ಟು ಅಂತ. ಗಬ್ಬದ್ದು ಬಿಟ್ಟು ಉಳಿದದ್ದು." ಅವರು ನನ್ನ ಕೈಯಲ್ಲಿದ್ದ ಪುಸ್ತಕ, ಪೆನ್ನು ನೋಡಿದರು. "ಏನ್ ಓದ್ತಿದ್ದೀಯ ನೀನು?"

"ಬಿ.ಎ."

ಅವರು ಡಬ್ಬಿ ಎತ್ತಿ ಬೈಕಿನ ಮೇಲಿಟ್ಟರು. ಬೈದಿದ್ದರೆ ವಾಸಿಯಾಗಿತ್ತು.

ಬಂದು ನೋಡಿ, ಹಸುವಿಗೆ ಬಿಸಿಲು ಹತ್ತಿದೆ, ಸುಸ್ತಾಗಿದೆ, ಈಗ ಎಬ್ಬಿಸಬೇಡಿ ಅಂದರು. ಕರು ಹೇಗಿದೆ ಅಂತ ಅಜ್ಜಿ ಕೇಳಿದಳು. ಈಗಲೇ ಹೇಳುವುದಕ್ಕಾಗಲ್ಲ, ಹದಿನೈದು ದಿನ ಹುಷಾರಾಗಿ ನೋಡಿಕೊಳ್ಳಿ, ರಕ್ತ ಕಂಡರೆ ಫೋನ್ ಮಾಡಿ ಅಂದರು. ಏನೋ ಒಂದು ಸೂಜಿ ಚುಚ್ಚಿ ಹೋದರು. ಪಾರ್ಕಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಪ್ಯಾನೆಲ್ಲು ತೊಳೆಯುವ ಟ್ಯಾಂಕರ್ ತಂದು ಹಸುವಿನ ಮೈಮೇಲೆ ನೀರು ಬಿಟ್ಟರು. ನಾನು ನೆರಳಿಗೆ ಅಂತ ಅವರ ಟಾರ್ಪಾಲನ್ನು ಬೇಲಿಗೆ ಕಟ್ಟಿದೆ. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಅಜ್ಜಿಯ ಎದುರಿಗೆ ಕೂತು ಹೇಳಿದೆ.

"ಅಜ್ಜಿ, ತಪ್ಪು ನಂದೇ. ನೋಟೀಸಾಗೆ ಗಬ್ಬದ್ದು ಬುಟ್ಟು ಅಂತ್ಲೇ ಇತ್ತು. ಆ ಪದ ನಂಗೆ ಗೊತ್ತಿರ್ಲಿಲ್ಲ. ಹಾರಿಸ್ಬುಟ್ಟೆ."

ಅಜ್ಜಿ ಹಸುವಿನ ಕಿವಿ ಸವರುತ್ತ ಕೂತಿದ್ದಳು.

"ಗೊತ್ತಿಲ್ಲ ಅಂದಿದ್ರೆ ನಿನ್ ತಲೆ ತೆಗೀತಿದ್ನೇನ್ಲಾ?"

ನಾನು ಜಾರಿದ್ದ ಟಾರ್ಪಾಲಿನ ತುದಿ ಎಳೆದು ಕಟ್ಟಿದೆ.

"ಐವತ್ತೊರ್ಸದಿಂದ ದನ ಕಟ್ಟಿವ್ನಿ. ದಿನ ತುಂಬ್ತಾ ಇರೋದುಕ್ಕೆ ಸೂಜಿ ಹಾಕಿಸ್ಬಾರ್ದು ಅಂತ ನಂಗ್ ಗೊತ್ತಿಲ್ವಾ? ಗೊತ್ತಿತ್ತು. ಅಚ್ಚಿನಾಗೈತೆ ಅಂದ್ಯಲ್ಲ. ಅಚ್ಚಾಗಿರೋದು ಸುಳ್ಳಾಯ್ತದಾ, ನಾನೇ ಹಳೇ ಕಾಲ್ದೋಳು ಅಂದ್ಕಂಡ್ ಬಂದೆ."

ಇದುವರೆಗೆ ಯಾರ ಹೊಡೆತವೂ ನನಗೆ ಇಷ್ಟು ತಾಗಿದ್ದು ನೆನಪಿಲ್ಲ.

ಹೊತ್ತು ಇಳಿದ ಮೇಲೆ ಹಸು ತಾನೇ ಎದ್ದಿತು. ನಿಧಾನವಾಗಿ ಮನೆಗೆ ಹೊಡೆದುಕೊಂಡು ಹೋದೆವು.

ಮಾರನೆಯ ದಿನ ಡೈರಿಗೆ ಹೋಗಿ ಸೆಕ್ರೆಟರಿಗೆ ಹೇಳಿದೆ, ಇನ್ನು ಪೇಪರು ಓದಲ್ಲ ಅಂತ. ಕಾರಣವನ್ನೂ ಹೇಳಿದೆ. ಕಾಲೇಜನ್ನೂ ಬಿಟ್ಟು ಪಾರ್ಕಿಗೆ ವಾಪಸ್ ಹೋಗೋಣ ಅಂತ ಮನಸ್ಸಿನಲ್ಲಿತ್ತು. ಅದನ್ನು ಹೇಳಲಿಲ್ಲ. ಕರು ಉಳಿಯದಿದ್ದರೆ ಬಿಡುವುದು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಸಂಜೆ ಸಂಜೆ ಅಜ್ಜಿಯ ಮನೆಗೆ ಹೋಗಿ ಹುಲ್ಲು ಕೊಯ್ದು ಹಾಕುತ್ತಿದ್ದೆ. ಕೊಟ್ಟಿಗೆ ಬಳಿಯುತ್ತಿದ್ದೆ. ಅವಳು ಬೇಡ ಅನ್ನಲಿಲ್ಲ. ಮೂರನೆಯ ದಿನ ಹಿಂಡಿ ಮೂಟೆ ಎಳೆದು ನನ್ನ ಮುಂದೆ ಇಟ್ಟಳು.

"ಇದ್ರ ಮ್ಯಾಲೆ ಏನೋ ಬರ್ದವ್ರೆ. ಓದು."

"ಬ್ಯಾಡಜ್ಜಿ."

"ಓದ್ಲಾ. ಇಲ್ಲಿ ಯಾರವ್ರೆ ನಗಾಕೆ? ಹಸಾ ನಗ್ತದಾ?"

ಓದಿದೆ. ಕಚ್ಚಾ ನಾರು ಅಂದರೇನು ಅಂದಳು. ಗೊತ್ತಿಲ್ಲ ಅಂದೆ. ಜೀವನದಲ್ಲಿ ಮೊದಲನೆಯ ಸಲ ಅಷ್ಟು ಸಲೀಸಾಗಿ ಆ ಮಾತು ಬಾಯಿಂದ ಬಂತು. "ನಾಳೆ ಕೇಳ್ಕಂಡ್ ಬಾ," ಅಂದಳು. ಮೇಡಂನ ಕೇಳಿದೆ. ಹೀಗೇ ದಿನಾ ಒಂದೊಂದು. ಔಷಧಿಯ ಬಾಟಲಿ, ಗೊಬ್ಬರದ ಚೀಲ, ಯಾರದೋ ಮದುವೆಯ ಕಾಗದ. ಮದುವೆ ಕಾಗದ ಓದುವುದು ಎಲ್ಲಕ್ಕಿಂತ ಕಷ್ಟ. ಒಂದು ಸಾಲು ಮುಗಿಯುವುದರೊಳಗೆ ಉಸಿರು ಹೋಗುತ್ತದೆ. ಮದುವೆಗೆ ಬನ್ನಿ ಅನ್ನುವುದಕ್ಕೆ ಅಷ್ಟೊಂದು ಯಾಕೆ ಬರೆಯುತ್ತಾರೋ.

ಅವಳೂ ನನಗೆ ಪದ ಕೊಟ್ಟಳು. ಕೆಚ್ಚಲು ಇಳಿಬಿಡುವುದು ಯಾವಾಗ, ಬಾಲದ ಬುಡದಲ್ಲಿ ಗುಳಿ ಬೀಳುವುದು ಯಾವಾಗ, ಕರು ಹಾಕಿದ ಮೇಲೆ ಮಾಸು ಬೀಳದಿದ್ದರೆ ಏನಾಗುತ್ತದೆ. ತೋರಿಸಿ ತೋರಿಸಿ ಹೇಳುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ವಿಹಂಗಮದ ಕೆಳಗೆ ಕೆಚ್ಚಲು, ಮಾಸು ಬರೆದೆ. ಇದನ್ನು ಕಲಿಯಲು ಬಾಯಿಪಾಠ ಬೇಕಾಗಲಿಲ್ಲ. ಹಸುವಿನ ಹಿಂದೆ ನಿಂತರೆ ಸಾಕು. ಮೇಡಂ ಒಂದು ದಿನ ಆ ಪುಟ ನೋಡಿದರು. ತಿದ್ದುತ್ತಾರೆ ಅಂದುಕೊಂಡೆ. "ಮಾಸು ಅಂತ ನಮ್ಮಮ್ಮ ಅನ್ನೋಳು ಕಣೋ," ಅಂದು ಪುಸ್ತಕ ವಾಪಸ್ ಕೊಟ್ಟರು.

ಹತ್ತೊಂಬತ್ತನೆಯ ದಿನ, ಬೆಳಗ್ಗೆ ಎಂಟರ ಹೊತ್ತಿಗೆ ಅಜ್ಜಿಯ ಮೊಮ್ಮಗಳು ಓಡಿ ಬಂದಳು. ಕಾಲೇಜಿಗೆ ಹೊರಟವನು ಬಸ್ಸು ಬಿಟ್ಟೆ. ನಾನು ಹೋಗುವಷ್ಟರಲ್ಲಿ ಮುಂಗಾಲು ಹೊರಗೆ ಬಂದಿತ್ತು. ಡಾಕ್ಟರು ಬರುವ ಮೊದಲೇ ಅಜ್ಜಿ ಕೈಗೆ ಎಣ್ಣೆ ಹಚ್ಚಿಕೊಂಡು, ನನಗೆ ಹಿಡಿಯಲು ಹೇಳಿ ಎಳೆದಳು. ಹೆಣ್ಣುಗರು. ಬಿದ್ದದ್ದು ಅಲ್ಲಾಡಲಿಲ್ಲ. ಅಜ್ಜಿ ಮೂಗು ಒರೆಸಿ, ಹುಲ್ಲುಕಡ್ಡಿ ತೂರಿಸಿದಳು. ಸೀನಿತು. ತಲೆ ಎತ್ತಿತು. ನಾನು ಹೊರಗೆ ಬಂದು ಗೋಡೆಗೆ ಒರಗಿ ಕೂತೆ. ಕಣ್ಣಲ್ಲಿ ನೀರು ಬಂತು ಅಂತ ಬರೆಯಬಹುದು, ಬರಲಿಲ್ಲ. ಕೈಗೆ ಹತ್ತಿದ್ದ ಲೋಳೆಯನ್ನು ಹುಲ್ಲಿಗೆ ಒರೆಸಿಕೊಂಡೆ, ಅಷ್ಟೇ.

ಮಾರನೆಯ ಬೆಳಗ್ಗೆ ನಾನು ನಮ್ಮನೆಯ ಹಾಲು ತಂದು ಕಟ್ಟೆಯ ಮೇಲೆ ಕೂತಿದ್ದಾಗ ಅಜ್ಜಿ ಡೈರಿಗೆ ಬಂದಳು. ಹಾಕುವುದಕ್ಕೆ ಹಾಲು ಇರಲಿಲ್ಲ, ಇನ್ನೂ ಗಿಣ್ಣು. ಸುಮ್ಮನೆ ಬಂದು ಕಟ್ಟೆಯ ಮೇಲೆ ಕೂತು, ಸೆಕ್ರೆಟರಿಯ ಮೇಜಿನಿಂದ ಪೇಪರು ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು.

"ಓದು ನಾಯ್ನಾ."

ಸಾಲಿನಲ್ಲಿದ್ದ ಒಬ್ಬ ಮಾವ, "ಅಜ್ಜಿ, ಇನ್ನೊಂದ್ ಹಸಾ ಕೊಂಡ್ಕಂಡಿದ್ದೀಯಾ, ಇವ್ನತ್ರ ಓದಿಸ್ತಿದ್ದೀಯಲ್ಲ?" ಅಂದ.

"ನೀನ್ ಮುಚ್ಕಂಡ್ ಹಾಲಿಗ್ ನೀರ್ ಹಾಕು," ಅಂದಳು ಅಜ್ಜಿ.

ಓದಿದೆ. ಎರಡನೆಯ ಸುದ್ದಿಯಲ್ಲೇ ಸಿಕ್ಕಿಕೊಂಡೆ. ಇಲಾಖೆಗಳ ನಡುವೆ ಸಮನ್ವಯ ಇಲ್ಲ ಅಂತ ಇತ್ತು. ನಿಲ್ಲಿಸಿದೆ.

"ಸಮನ್ವಯ. ಈ ಪದ ನಂಗೆ ಗೊತ್ತಿಲ್ಲ."

ಕಟ್ಟೆಯ ಮೇಲೆ ಎಲ್ಲರೂ ನನ್ನನ್ನೇ ನೋಡಿದರು.

"ಕಾಲೇಜಾಗೆ ಏನ್ ಕಲಿಸ್ತಾರ್ಲಾ ನಿಂಗೆ?" ಅಂದ ಆ ಮಾವ.

"ನಿಂಗೊತ್ತಾ ಮಾವ?"

ಅವನಿಗೂ ಗೊತ್ತಿರಲಿಲ್ಲ. ದುಡ್ಡೇ ಇರಬೇಕು ಅಂದ ಒಬ್ಬ. ಇನ್ನೊಬ್ಬ ಆಫೀಸರು ಅಂದ. ಸೆಕ್ರೆಟರಿ ಮಿಷನ್ ಹತ್ತಿರದಿಂದಲೇ ಕೂಗಿ, ಒಬ್ಬರಿಗೊಬ್ಬರು ಹೊಂದ್ಕಂಡ್ ಕೆಲಸ ಮಾಡೋದು ಕಣ್ರಪ್ಪ ಅಂದರು.

"ಅತ್ತೆ ಸೊಸೇಗೆ ಇಲ್ದೇ ಇರೋದಾ?" ಅಂದಳು ಅಜ್ಜಿ.

ಕಟ್ಟೆಯೇ ನಕ್ಕಿತು. ಒಂದು ಪುಟ ಮುಗಿಸುವುದಕ್ಕೆ ಮುಕ್ಕಾಲು ಗಂಟೆ ಆಯಿತು. ಹಾಲಿನ ಲಾರಿಯವನು ಹಾರ್ನು ಹೊಡೆದು ಹೊಡೆದು ಇಳಿದು ಬಂದು ತಾನೂ ಕೇಳುತ್ತ ನಿಂತ. ನಾನು ಅವತ್ತು ನಾಲ್ಕು ಸಲ ಗೊತ್ತಿಲ್ಲ ಅಂದೆ. ಈಗಲೂ ದಿನಾ ಅನ್ನುತ್ತೇನೆ. ಕಾಲೇಜು ಬಿಟ್ಟಿಲ್ಲ.

ಪದ ಬೆಳೆಸಿಕೊಳ್ಳುವ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಇನ್ನು ಹೇಳುವುದಕ್ಕೆ ಏನೂ ಇಲ್ಲ.