ಯಾರದೋ ಎದೆ, ಯಾರದೋ ಹೆಸರು

ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ನಾನು ಹೇಳುತ್ತಿದ್ದುದು ಇಷ್ಟೇ: ಅಂಗಿ ತೆಗೆಯಿರಿ, ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ. ಅದನ್ನೇ ಅರಬ್ಬಿ, ಹಿಂದಿ, ಮಲಯಾಳದಲ್ಲಿ ಹೇಳಿ ಹೇಳಿ, ಮನೆಯಲ್ಲಿ ಹೆಂಡತಿ ಎದುರು ಮಾತಾಡಿದರೂ ‘ಉಸಿರು ಹಿಡಿ’ ಎಂದು ಗದರುವಷ್ಟು ಕೆಟ್ಟುಹೋಗಿದ್ದೆ. 1990ರ ಬೇಸಿಗೆ ಆಗಷ್ಟೇ ಶುರುವಾಗಿತ್ತು, ಯುದ್ಧದ ಸುಳಿವು ಯಾರಿಗೂ ಇರಲಿಲ್ಲ. ಕುವೈತಿನಲ್ಲಿ ಉಳಿಯಬೇಕಾದರೆ ಇಕಾಮಾ ಬೇಕು, ಅಂದರೆ ವಾಸದ ಪರವಾನಗಿ. ಇಕಾಮಾ ಬೇಕಾದರೆ ಎದೆಯಲ್ಲಿ ಕ್ಷಯ ಇರಬಾರದು. ಇದ್ದರೆ ಬಂದ ವಿಮಾನದಲ್ಲೇ ವಾಪಸ್ಸು. ನಮ್ಮ ಸರ್ಕಾರಿ ತಪಾಸಣಾ ಕೇಂದ್ರದ ಕೆಲಸವೇ ಅದು.

ಒಂದು ದಿನ ಕಾರ್ಕಳ ಕಡೆಯ ಅಡುಗೆಯವನೊಬ್ಬ ಇಕಾಮಾ ನವೀಕರಣಕ್ಕೆ ಬಂದ. ಯಾವುದೋ ಕಂಪನಿಯ ಕ್ಯಾಂಟೀನಿನಲ್ಲಿ ಕೆಲಸ. ಕೈ ಸೊಂಟದ ಮೇಲಿಟ್ಟು, ಭುಜ ಮುಂದೆ ತಂದು, ಎದೆಯನ್ನು ಹಲಗೆಗೆ ಒತ್ತಿ ನಿಲ್ಲಬೇಕು. ಇವನ ಎಡಭುಜ ಜಪ್ಪಯ್ಯ ಎಂದರೂ ಮುಂದೆ ಬರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು, ನನಗೆ ಸಿಟ್ಟು ನೆತ್ತಿಗೇರಿತು.

“ಎಂತ ಮಾರಾಯ, ಮದುಮಗನ ಹಾಗೆ ಬಿಗಿದು ನಿಂತಿದ್ದಿ?”

“ಅದು ಬರುದಿಲ್ಲ ಅಣ್ಣ. ಸಣ್ಣದಿರುವಾಗ ಗೇರುಮರದಿಂದ ಬಿದ್ದದ್ದು. ಊರಿನ ಪಂಡಿತರು ಕಟ್ಟಿದ್ದು.”

ಮುಟ್ಟಿ ನೋಡಿದೆ. ಕೊರಳೆಲುಬು ಮುರಿದು, ಒಂದು ತುದಿ ಇನ್ನೊಂದರ ಮೇಲೇರಿ ಗಂಟಾಗಿ ಕೂಡಿಕೊಂಡಿತ್ತು. “ಕಟ್ಟಿದ್ದಲ್ಲ ಮಾರಾಯ, ಪೊಟ್ಟಣ ಮಾಡಿದ್ದು” ಎಂದೆ. ಅವನೂ ನಕ್ಕ. ಫಿಲ್ಮ್ ತೆಗೆದು ಕಳಿಸಿದೆ.

ಮುಂದಿನ ವಾರ ಮಧ್ಯಾಹ್ನ ಅವನೇ ಕೇಂದ್ರದ ಗೇಟಿನ ಹೊರಗೆ ನಿಂತಿದ್ದ. ಮುಖದಲ್ಲಿ ನೆತ್ತರಿಲ್ಲ.

“ಅಣ್ಣ, ನಂಗೆ ಟೀಬಿ ಅಂತೆ. ನಾಡಿದ್ದು ಊರಿಗೆ ಕಳಿಸ್ತಾರಂತೆ. ನಂಗೆ ಕೆಮ್ಮು ಸಹ ಇಲ್ಲ.”

ಗೋಡೆಯ ನೆರಳಿನಲ್ಲಿ ನಿಂತು ಅವನು ಉಳಿದದ್ದನ್ನೂ ಹೇಳಿದ. ಕ್ಯಾಂಟೀನಿನಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿ ಜೊತೆಯ ಕೆಲಸಗಾರನೊಬ್ಬನ ಎರಡೂ ಕೈ ಸುಟ್ಟಿದ್ದವು. ಅವನು ಕುಡಿದಿದ್ದ ಎಂದು ಮಾಲೀಕ ಬರೆದುಕೊಟ್ಟಿದ್ದ. ಆ ದೇಶದಲ್ಲಿ ಕುಡಿದಿದ್ದ ಎಂದರೆ ಪರಿಹಾರದ ಮಾತು ಹಾಗಿರಲಿ, ಜೈಲು. ಕಾರ್ಮಿಕ ಕಚೇರಿಯಲ್ಲಿ ಮುಂದಿನ ವಾರ ವಿಚಾರಣೆ.

“ಕಣ್ಣಾರೆ ನೋಡಿದ್ದು ನಾನೊಬ್ಬನೇ ಅಣ್ಣ. ನಾನು ಹೋದ್ರೆ ಅವನ ಪರವಾಗಿ ಹೇಳುವವರು ಯಾರಿದ್ದಾರೆ?”

ಒಳಗೆ ಹೋಗಿ ಅವನ ಫಿಲ್ಮ್ ಹುಡುಕಿ ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಬಲ ಪುಪ್ಪುಸದ ಮೇಲ್ಭಾಗದಲ್ಲಿ ದೊಡ್ಡ ಕುಳಿ. ಕ್ಷಯವೇ, ಅನುಮಾನವಿಲ್ಲ. ಆದರೆ ಎರಡೂ ಕೊರಳೆಲುಬುಗಳು ನೆಟ್ಟಗೆ, ಮುರಿದ ಗುರುತೇ ಇಲ್ಲ. ಎದೆ ಅವನದಲ್ಲ, ಹೆಸರು ಮಾತ್ರ ಅವನದು. ಫಿಲ್ಮಿನ ಮೂಲೆಯಲ್ಲಿ ಹೆಸರು ಮೂಡಿಸುವ ಯಂತ್ರ ಕೆಟ್ಟು ಕೂತಿದ್ದರಿಂದ ಆ ತಿಂಗಳು ಕಾಗದದ ಚೀಟಿ ಅಂಟಿಸುತ್ತಿದ್ದೆವು. ಕಿತ್ತು ಇನ್ನೊಂದಕ್ಕೆ ಅಂಟಿಸಲು ಎಷ್ಟು ಹೊತ್ತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಆ ಬರೆ ಹಾಕಲು ಯಾರೋ ಕೂಲಿ ತೆಗೆದುಕೊಂಡಿದ್ದರು.

ಸಂಜೆ ಕಾರಿನ ಹತ್ತಿರ ಅಡುಗೆಯವನ ಕಂಪನಿಯ ಮಂದೂಬ್ ಕಾದಿದ್ದ. ಸರ್ಕಾರಿ ಕಚೇರಿಗಳಲ್ಲಿ ಓಡಾಡಿ ಕಂಪನಿಯ ಕಾಗದಪತ್ರ ಮಾಡಿಸುವವನಿಗೆ ಅಲ್ಲಿ ಮಂದೂಬ್ ಎನ್ನುತ್ತಾರೆ. ನಾನು ಆ ಫಿಲ್ಮ್ ತೆಗೆದು ನೋಡಿದ ಸುದ್ದಿ ಫಿಲ್ಮ್ ಇಡುವ ಕೋಣೆಯಿಂದ ಅವನಿಗಾಗಲೇ ಮುಟ್ಟಿತ್ತು.

“ಛೋಡೋ ನಾ ಭಾಯಿ” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ. “ಆಪ್ ಕಾ ಭೀ ತೋ ಇಕಾಮಾ ಹೈ.” ಬಿಟ್ಟುಬಿಡಿ, ನಿಮ್ಮದೂ ಇಕಾಮಾ ಇದೆಯಲ್ಲ ಎಂದರೆ ಬೆದರಿಕೆಯೇ.

ಕೈ ಕೊಡವಿ ಕಾರು ಹತ್ತಿದೆ. ಊರಲ್ಲಿ ಫೋನ್ ಕನೆಕ್ಷನ್ನಿಗೂ ಕೈ ಬೆಚ್ಚಗೆ ಮಾಡಿದವನು ನಾನು. ಲಂಚ ಎಂದರೆ ಕೆಲಸ ಬೇಗ ಆಗಲು ಕೊಡುವುದು ಎಂದುಕೊಂಡಿದ್ದೆ. ಅದು ಒಬ್ಬನ ಬಾಯಿಯನ್ನೇ ಕಿತ್ತುಕೊಳ್ಳಬಲ್ಲದು ಎಂದು ಅವತ್ತೇ ತಿಳಿದದ್ದು, ಮತ್ತು ನನಗೆ ಬಹಳ ಹೆದರಿಕೆಯಾಯಿತು.

ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿಗೆ ಎಲ್ಲ ಹೇಳಿದೆ.

“ಊರಿಗಿಲ್ಲದ ಉಸಾಬರಿ ನಿಮಗೆಂತಕ್ಕೆ ಮಾರಾಯ್ರೇ? ನಾವು ಇಲ್ಲಿ ದುಡಿಲಿಕ್ಕೆ ಬಂದದ್ದು. ನಾಳೆ ನಮ್ಮನ್ನೇ ಕಳಿಸಿದ್ರೆ?”

ಅವಳ ಮಾತು ಸುಳ್ಳಲ್ಲ. ಊಟಕ್ಕೆ ಕೂತೆ. ಸಾರು ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು.

“ಅಲ್ಲ, ಆ ರೋಗ ಇರುವವ ಯಾರು ಮತ್ತೆ? ಅವನಿಗೆ ಎಂತ ಹೇಳಿ ಕಳಿಸಿದ್ದಾರೆ?”

ದಿನಾ ಎದೆ ನೋಡುವ ನನಗೆ ಅದು ಹೊಳೆದೇ ಇರಲಿಲ್ಲ. ಆ ಫಿಲ್ಮಿನ ಮನುಷ್ಯ ನಿನಗೇನೂ ಇಲ್ಲ ಎಂಬ ಸರ್ಟಿಫಿಕೇಟು ಹಿಡಿದು ಎಲ್ಲೋ ಹತ್ತು ಜನರ ನಡುವೆ ಕೆಮ್ಮುತ್ತಾ ಮಲಗಿರಬೇಕು. ಔಷಧಿ ಇಲ್ಲದೆ ಸಾಯುತ್ತಾನೆ, ಯಾಕೆಂದು ಅವನಿಗೂ ತಿಳಿಯುವುದಿಲ್ಲ.

“ನಾಳೆಯೇ ಹೇಳಿ” ಎಂದಳು ಹೆಂಡತಿ. “ಕಳಿಸಿದ್ರೆ ಕಳಿಸ್ಲಿ. ಊರಲ್ಲಿ ಎಕ್ಸ್‌ರೇ ಮಿಷನ್ ಇಲ್ವಾ?”

ಫಿಲ್ಮ್ ಓದುತ್ತಿದ್ದವರು ಆ ದೇಶದವರೇ ಆದ ಒಬ್ಬ ಡಾಕ್ಟರಮ್ಮ. ಮಾತು ಕಡಿಮೆ, ನಮಗೆಲ್ಲ ಅವರೆಂದರೆ ಭಯ. ಬೆಳಿಗ್ಗೆ ಹೋಗಿ ಹೇಳಿಬಿಟ್ಟೆ. ಅವರು ಅಡುಗೆಯವನನ್ನು ಕರೆಸಿ, ಪಕ್ಕದಲ್ಲೇ ನಿಂತು ಹೊಸ ಫಿಲ್ಮ್ ತೆಗೆಸಿದರು. ಒದ್ದೆ ಫಿಲ್ಮನ್ನೇ ಬೆಳಕಿಗೆ ಹಿಡಿದರು. ಡೊಂಕು ಎಲುಬು, ಕಲೆಯಿಲ್ಲದ ಪುಪ್ಪುಸ.

ಅವರಿಗೆ ಬಂದ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ. ಮನುಷ್ಯರೆಲ್ಲ ಘನತೆಯಲ್ಲಿ ಸಮಾನರು ಎಂದು ತಮ್ಮ ಸಂವಿಧಾನದಲ್ಲೇ ಇದೆ, ಪರದೇಶದವನಾದರೂ ಅವನ ಮಾತು ಕೇಳದೆ ಹೊರಗೆ ಹಾಕುವಂತಿಲ್ಲ ಎಂದರು. ನಾನು ನನ್ನ ಒರಟು ಬಾಯಿಯಲ್ಲಿ, “ಕಾಗದದಲ್ಲಿ ಎಲ್ಲಾ ಇರುತ್ತದೆ ಡಾಕ್ಟರ್” ಎಂದೆ.

ಅವರು ಕ್ಷಯ ಎಂದು ಮುದ್ರೆ ಒತ್ತಿದ ಸರ್ಟಿಫಿಕೇಟನ್ನು ನನ್ನ ಮುಂದೆ ಹಿಡಿದರು. “ಇದೂ ಕಾಗದವೇ. ಇದು ಒಬ್ಬನನ್ನು ವಿಮಾನ ಹತ್ತಿಸಬಹುದಾದರೆ, ಆ ಸಂವಿಧಾನ ಯಾಕೆ ಇಳಿಸಬಾರದು?”

ಅವರು ಆಗಲೇ ಫೋನ್ ಎತ್ತಿಕೊಂಡಿದ್ದರು.

ಅಡುಗೆಯವನು ಮೊದಲು ಬಂದ ದಿನ ಪರೀಕ್ಷೆಗೆ ಬಂದವರನ್ನೆಲ್ಲ ಮತ್ತೆ ಕರೆಸಿದರು. ನಿಜವಾದ ರೋಗಿ ಅಬ್ಬಾಸಿಯಾದ ಒಂದು ಬ್ಯಾಚುಲರ್ ರೂಮಿನಲ್ಲಿ ಸಿಕ್ಕಿದ. ಚಿಕಿತ್ಸೆ ಮೊದಲು, ಉಳಿದದ್ದು ಆಮೇಲೆ ಎಂದು ಬರೆದು ಅವನನ್ನು ಆಸ್ಪತ್ರೆಗೆ ಸೇರಿಸಿದರು. ಚೀಟಿ ಬದಲಿಸಿದ ಫಿಲ್ಮ್ ಕೋಣೆಯವನಿಗೆ ಬೇರೆ ಕಡೆ ವರ್ಗವಾಯಿತು, ಅಷ್ಟೇ. ಮಂದೂಬ್ ಏನೂ ಆಗದವನಂತೆ ನನಗೆ ಸಲಾಂ ಹೊಡೆಯುತ್ತಲೇ ಇದ್ದ. ನನ್ನ ಇಕಾಮಾಕ್ಕೂ ಏನೂ ಆಗಲಿಲ್ಲ.

ವಿಚಾರಣೆಯ ದಿನ ಅಡುಗೆಯವನ ಮಾತನ್ನು ಅರಬ್ಬಿಗೆ ತಿರುಗಿಸಲು ನಾನೇ ಹೋದೆ. ಸುಟ್ಟ ಕೈಗಳಿಗೆ ಬಟ್ಟೆ ಸುತ್ತಿಕೊಂಡಿದ್ದವನು ಒಂದು ಕುರ್ಚಿಯಲ್ಲಿ, ಮಾಲೀಕನ ಕಡೆಯವರು ಎದುರಿಗೆ. ಗ್ಯಾಸಿನ ಪೈಪು ಬಿರಿದದ್ದು, ಕೈ ಸುಟ್ಟವನು ಕುಡಿದಿರಲಿಲ್ಲ ಎಂಬುದು, ಎಲ್ಲ ಹೇಳಿ ಮುಗಿಸಿದೆವು. ಅಧಿಕಾರಿ ಪೆನ್ನಿನ ಕ್ಯಾಪ್ ಮುಚ್ಚುತ್ತಾ ಕೇಳಿದರು, “ಖಲಾಸ್?”

ನಾನು ಮುಗಿಯಿತು ಎಂದು ತಲೆಯಾಡಿಸಿದೆ. ಅಡುಗೆಯವನು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. “ಲಾ” ಎಂದ, ಇಲ್ಲ. ಅಡುಗೆಮನೆಯಲ್ಲಿ ಕಲಿತ ಹರುಕುಮುರುಕು ಅರಬ್ಬಿಯಲ್ಲಿ ತಾನೇ ಶುರುಮಾಡಿದ. ಪೈಪು ಬದಲಾಯಿಸಿ ಎಂದು ತಾನು ಮಾಲೀಕನಿಗೆ ಮೊದಲೇ ಹೇಳಿದ್ದನಂತೆ, ಬೈಸಿಕೊಂಡಿದ್ದನಂತೆ. ಅವಸರಕ್ಕೆ ಮಾತು ತಡವರಿಸುತ್ತಿತ್ತು.

ಅಧಿಕಾರಿ ಮತ್ತೆ ಕ್ಯಾಪ್ ತೆಗೆದರು. “ನಿಧಾನವಾಗಿ ಹೇಳು, ಬರೆದುಕೊಳ್ಳುತ್ತಿದ್ದೇನೆ” ಎಂದರು.