ಸೀಟು ಬಿಚ್ಚಿದ ವ್ಯಾನು

ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ಹುಲಗಪ್ಪ ನೆಮ್ಮದಿಯಾಗಿ ಕೂತದ್ದನ್ನು ಕಂಡವರು ಕಡಿಮೆ. ಉಣ್ಣುವಾಗಲೂ ಒಂದು ಮೊಣಕಾಲು ಎತ್ತಿಕೊಂಡೇ ಇರುತ್ತಿದ್ದ, ಯಾರೋ ಈಗಲೇ ಕರೆದಾರು ಎಂಬಂತೆ. ರಾಯಚೂರ ಕಡೆಯಿಂದ ಹಮಾಲಿಗೆಂದು ಬಂದವನು ಕಾರ್ಖಾನೆಗಳ ಮಾಲು ಹೊತ್ತು ಹೊತ್ತು ಬೆನ್ನು ಹಾಳುಮಾಡಿಕೊಂಡಿದ್ದ. ಇನ್ನು ಹೊರುವುದು ಸಾಕು, ಗಾಡಿ ಓಡಿಸು ಎಂದು ಹೆಂಡತಿ ಚಂದವ್ವ ಹಟ ಹಿಡಿದ ಮೇಲೆ ಹಳೆಯದೊಂದು ಏಳು ಸೀಟಿನ ವ್ಯಾನು ಮನೆ ಮುಂದೆ ಬಂದು ನಿಂತಿತು.

ಆ ವ್ಯಾನು ಅವನ ಟೋಳಿಯನ್ನೇ ಹೊತ್ತು ತಿರುಗಿತು. ಟೋಳಿಯೆಂದರೆ ಜೊತೆಯ ಐದು ಮಂದಿ ಹಮಾಲರು, ಅವರಲ್ಲಿ ಹಿರಿಯ ಸೈದಪ್ಪ. ಹುಲಗಪ್ಪನಿಗೆ ತಲೆಗೆ ಸಿಂಬಿ ಸುತ್ತುವುದನ್ನು ಕಲಿಸಿದವನೂ ಅವನೇ. ಎಲ್ಲಿ ಕೆಲಸವಿದ್ದರೂ ಒಟ್ಟಿಗೇ ಹೋಗುವುದು, ಬುತ್ತಿ ಬಿಚ್ಚುವುದೂ ಒಟ್ಟಿಗೇ. ಆದರೆ ಬಿಳಿ ನಂಬರ್ ಪ್ಲೇಟಿನ ಖಾಸಗಿ ಗಾಡಿಗೆ ಮಾಲು ಕೊಡುವವರು ಯಾರು? ಕೊನೆಗೆ ಟೈಲ್ಸ್ ವ್ಯಾಪಾರಿಯೊಬ್ಬ, ಸರಕು ಗಾಡಿಯ ಹಳದಿ ಪ್ಲೇಟು ಹಾಕಿಸಿಕೊಂಡು ಬಾ, ದಿನಾ ನವಿ ಮುಂಬಯಿಗೆ ಮಾಲು ಕೊಡುತ್ತೇನೆ ಎಂದ.

ಕಲ್ಯಾಣದ ಆರ್‌ಟಿಒ ಏಜೆಂಟ್ ಬಿಡಿಸಿ ಹೇಳಿದ. ಹಿಂದಿನ ಸೀಟೆಲ್ಲ ತೆಗೆಯಬೇಕು, ಕಿಟಕಿಗೆ ತಗಡು ಬಡಿಯಬೇಕು, ಡ್ರೈವರನ ಬೆನ್ನಿಗೆ ಕಬ್ಬಿಣದ ಜಾಳಿಗೆ ಹಾಕಬೇಕು. ಜಾಳಿಗೆಯ ಆಚೆ ನರಪಿಳ್ಳೆಯೂ ಕೂರುವಂತಿಲ್ಲ, ಕೂತರೆ ಪರ್ಮಿಟ್ ಹೋಯಿತೆಂದೇ ತಿಳಿ.

ಅಂದಿನಿಂದ ಹುಲಗಪ್ಪನ ಚಡಪಡಿಕೆ ಕೇಳಬೇಡಿ. ವ್ಯಾನಿನ ಸುತ್ತ ತಿರುಗುವನು, ಬಾಗಿಲು ತೆಗೆಯುವನು, ಹಾಕುವನು. ಕೈಯಲ್ಲಿನ ಚಹಾ ಆರಿ ನೀರಾಗುತ್ತಿತ್ತು.

"ಸೈದಪ್ಪ ಕಾಕಾಗ ಹೇಳೀರೇನು?" ಎಂದಳು ಚಂದವ್ವ.

"ಹೇಳ್ತೀನಿ ತಡಿ."

"ಯಾವಾಗ? ಪೊಲೀಸರು ಹಿಡದ ಮ್ಯಾಲೇನು?"

ಹೇಳುವ ಮೊದಲೇ, ಸೀಟು ತೆಗೆಯುವ ಸುದ್ದಿ ಕೇಳಿ ಟೋಳಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಬಂದೇಬಿಟ್ಟಿತು. ಒಬ್ಬನ ಕೆಲಸವೆಂದರೆ ಎಲ್ಲರ ಕೆಲಸ, ಕರೆಯುವ ರೂಢಿಯೇ ಅವರಲ್ಲಿಲ್ಲ. ನಗುತ್ತ, ಬೈದಾಡುತ್ತ, ತಾವು ಕೂರುತ್ತಿದ್ದ ಸೀಟುಗಳನ್ನು ತಾವೇ ಬಿಚ್ಚಿ ಹೊರಗಿಟ್ಟರು. ಆಮೇಲೆ ಸೈದಪ್ಪ ಬರಿದಾದ ತಗಡಿನ ಮೇಲೆ ಗೋಣಿಚೀಲ ಹಾಸಿ ಕಾಲು ಚಾಚಿದ.

"ಆ ಮೆತ್ತನ ಸೀಟಿಗೆ ಸೊಂಟ ಹಿಡದಿತ್ತಲೇ ಹುಲಗ್ಯಾ. ಚೀಲದ ಮ್ಯಾಲ ಕುಂತ್ರನ ನಮಗ ಸುಖ!"

ಪಾಪ, ಅವರಾದರೂ ಏನು ಮಾಡಿಯಾರು! ಬದುಕೆಲ್ಲ ಲಾರಿಯಲ್ಲಿ ಮಾಲಿನ ಮೇಲೆಯೇ ಕೂತು ತಿರುಗಿದವರು. ಸೀಟು ಹೋದರೆ ತಮ್ಮ ಜಾಗವೂ ಹೋಯಿತೆಂದು ಅವರಿಗೆ ಹೊಳೆಯಲೇ ಇಲ್ಲ. ಹುಲಗಪ್ಪ ಆಗಲಾದರೂ ಬಾಯಿ ಬಿಡಬೇಕಿತ್ತು. ಹೇಡಿ, ಎಲ್ಲರ ಜೊತೆ ತಾನೂ ನಕ್ಕ.

ಆರ್‌ಟಿಒದಲ್ಲಿ ಗಾಡಿ ಪಾಸಿಂಗ್ ಆಯಿತು, ಹಳದಿ ಪ್ಲೇಟು ಬಂತು. ನವಿ ಮುಂಬಯಿಯ ನೆರೂಳಕ್ಕೆ ಮೊದಲ ಮಾಲು ಹೊರಟ ಬೆಳಿಗ್ಗೆ ಟೈಲ್ಸ್ ತುಂಬಿಸಿದ ಟೋಳಿ ಬುತ್ತಿಯೊಂದಿಗೆ ಹಿಂಬಾಗಿಲಿಗೆ ಬಂದು ನಿಂತಿತು.

"ಹತ್ತಬ್ಯಾಡ್ರಪಾ," ಎಂದ ಹುಲಗಪ್ಪ, ನೆಲ ನೋಡುತ್ತ. "ಹಿಂದ ಮಂದಿ ಕುಂದ್ರಂಗಿಲ್ಲ. ಪರ್ಮಿಟ್ ಹೋಗತೈತಿ."

ಕೂರಲೆಂದು ಟೈಲ್ಸ್ ಡಬ್ಬಿಗಳ ಮೇಲೆ ಹಾಸಿದ್ದ ಚೀಲವನ್ನು ಸೈದಪ್ಪ ಎಳೆದುಕೊಂಡು ಮಡಚಿದ.

"ಮೊದಲ ಹೇಳಬಾರದಾಗಿತ್ತೇನಲೇ?"

"ಕಾಕಾ, ನೀ ಮುಂದ ನನ್ನ ಬಾಜೂಕ ಕುಂದ್ರು."

"ಇವರೆಲ್ಲಾ ರೈಲಿನ್ಯಾಗ ನಿಂತು ಬರೂವಾಗ ನಾ ಒಬ್ಬಾವ ಕುಂತು ಬರ್ಲೇನು? ನೀ ನಡಿ."

ನೆರೂಳದ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸಿ ಹುಲಗಪ್ಪ ಗೇಟಿಗೂ ರಸ್ತೆಗೂ ಎಡತಾಕಿದ. ಠಾಣೆಯಲ್ಲಿ ರೈಲು ಬದಲಿಸಿ ಬರಬೇಕು, ಹೊತ್ತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಬರದೇ ಹೋದರೆ? ಮಾಲಿನ ಚಿಂತೆಯಲ್ಲ ಅದು. ಮಾಲು ಇಳಿಸಲು, ಕೂಲಿಗಳು ಕಾದು ನಿಲ್ಲುವ ನಾಕಾ ಮೇಲೆ ಎಷ್ಟೋ ಮಂದಿ ಸಿಗುತ್ತಿದ್ದರು. ಈ ಐವರು ಬರದಿದ್ದರೆ ಈ ಊರಲ್ಲಿ ತನ್ನವರೆಂದು ಯಾರನ್ನು ಕರೆಯುವುದು ಎಂದುಕೊಳ್ಳುತ್ತ ಮತ್ತೆ ರಸ್ತೆಗೆ ಹೋಗಿ ನೋಡಿದ.

ಅಷ್ಟರಲ್ಲಿ ಬೆವರಿನಲ್ಲಿ ತೊಯ್ದು ಐವರೂ ಬಂದರು. ಹುಲಗಪ್ಪನಿಗೆ ಹೋದ ಜೀವ ಬಂದಂತಾಯಿತು. ಬೆನ್ನುನೋವು ಮರೆತು ಓಡಿ ಹಿಂಬಾಗಿಲು ತೆಗೆದ, ಮೊದಲ ಡಬ್ಬಿಗೆ ತಾನೇ ಕೈ ಹಾಕಿದ. ಸೈದಪ್ಪ ಮೆಲ್ಲಗೆ ಅವನನ್ನು ಸರಿಸಿದ.

"ನೀವು ಬಿಡ್ರಿ, ಸೇಠಜೀ. ಯಾವ ಮಾಳಿಗಿಗೆ ಇಡೂದು, ಅಷ್ಟು ಹೇಳ್ರಿ."

ಮಾತಿನಲ್ಲಿ ಕುಹಕವಿರಲಿಲ್ಲ. ಗಾಡಿಯ ಮಾಲೀಕರೊಂದಿಗೆ ಸೈದಪ್ಪ ಯಾವತ್ತೂ ಹಾಗೆಯೇ ಮಾತಾಡುತ್ತಿದ್ದ. ಹುಲಗಪ್ಪ ಡಬ್ಬಿಯಿಂದ ಕೈ ತೆಗೆದ.

"ಮೂರನೇ ಮಾಳಿಗಿ," ಎಂದ.